ಗೇಟು ಕಟ್ಟೋದಕ್ಕೆ ಜಲಪಾತಕ್ಕೆ ಬೀಗ



ಸ್ವಲ್ಪ ಉದ್ದ ಆಗಿದೆ, ಪುರುಸೊತ್ತು ಮಾಡ್ಕೊಂಡು ಓದಿ. ಜೋಗದ ವಿಚಾರ.

2025ರ ಜನವರಿ 1ರಿಂದ ಜೋಗ ಜಲಪಾತಕ್ಕೆ ಪ್ರವಾಸಿಗರು ಬರೋದು ಬೇಡ ಅಂತ ಜಿಲ್ಲಾಡಳಿತ ಆದೇಶ ಮಾಡಿತ್ತು, ನೆನಪಿರಬೇಕು. ಮೊದಲು ಮಾರ್ಚ್ 15ರ ತನಕ ಅಂದ್ರು, ಆಮೇಲೆ ಏಪ್ರಿಲ್ ಕೊನೆವರೆಗೆ ಎಳೆದ್ರು. ಕಾರಣ ಮುಖ್ಯ ಪ್ರವೇಶದ್ವಾರದ ಕಾಮಗಾರಿ. ನಾನು ಗುಮಾಸ್ತ, ಇಪ್ಪತ್ತು ವರ್ಷದಿಂದ ಆದೇಶ ಓದೋದೇ ನನ್ನ ಹೊಟ್ಟೆಪಾಡು. ಕೆರೆ ಹೂಳೆತ್ತೋಕೆ ಕೆರೆ ಖಾಲಿ ಮಾಡಿದ್ದು ನೋಡಿದ್ದೀನಿ, ಛಾವಣಿ ರಿಪೇರಿಗೆ ಶಾಲೆಗೆ ರಜೆ ಕೊಟ್ಟಿದ್ದು ನೋಡಿದ್ದೀನಿ. ಗೇಟು ಕಟ್ಟೋಕೆ ಅಂತ ಜಲಪಾತವನ್ನೇ ಮುಚ್ಚಿದ್ದು ಇದೇ ಮೊದಲು ಕಂಡಿದ್ದು.

ಹಳೇ ಜೋಗದಲ್ಲಿ ಏನಿತ್ತು ಅಂತ ಹೊಸ ಹುಡುಗರು ಕೇಳ್ತಾರೆ. ಹೆಚ್ಚೇನೂ ಇರಲಿಲ್ಲ. ಬಸ್ಸಿಳಿದು ನಡೆದ್ರೆ ಒಂದು ಕಟಕಟೆ, ಎದುರಿಗೆ ರಾಜಾ, ರಾಣಿ, ರೋರರ್, ರಾಕೆಟ್. 830 ಅಡಿ ಮೇಲಿಂದ ಬೀಳೋ ನೀರು. ಕೆಳಗಿಳಿಯೋಕೆ ಸಾವಿರಕ್ಕೂ ಮಿಕ್ಕಿ ಮೆಟ್ಟಿಲು, ಮೇಲೆ ಹತ್ತಿ ಬರೋ ಹೊತ್ತಿಗೆ ಮಂಡಿ ನಡುಗೋದು. ಮಂಜು ಕವಿದ್ರೆ ಎಲ್ಲರಿಗೂ ಕವಿಯೋದು. ಕಾರಲ್ಲಿ ಬಂದ ಸಾಹುಕಾರನೂ ಲಾರಿ ಹಿಂದೆ ನಿಂತು ಬಂದ ಕೂಲಿಯೂ ಅದೇ ಕಟಕಟೆ ಹಿಡ್ಕೊಂಡು ಕಾಯಬೇಕಿತ್ತು. ಕಾಯೋ ಹೊತ್ತಿಗೆ ಅನಾನಸ್ ಹೋಳಿಗೆ ಉಪ್ಪು ಖಾರ ಹಚ್ಚಿ ಕೊಡೋರು, ಚುರುಮುರಿಯೋರು, ಬೇಯಿಸಿದ ಜೋಳದೋರು. ಗಾಡಿಗೆ ಒಂದಿಷ್ಟು ವಸೂಲಿ ಆಗಲೂ ಇತ್ತು. ಕಕ್ಕಸು ಗಲೀಜಾಗಿತ್ತು, ಅದನ್ನೂ ಹೇಳಬೇಕು.

ಈಗ ಬರ್ತಿರೋದು ರೋಪ್‌ವೇ, ಸ್ಟಾರ್ ಹೋಟೆಲು. ಖಾಸಗಿಯವರ ಸಹಭಾಗಿತ್ವದಲ್ಲಿ ಅಂತೆ. ಇದನ್ನ ಪ್ರಶ್ನೆ ಮಾಡಿದ್ರೆ “ನೀವು ಅಭಿವೃದ್ಧಿ ವಿರೋಧಿಗಳು” ಅಂತಾರೆ. ನಾನು ರೋಪ್‌ವೇ ವಿರೋಧಿ ಅಲ್ಲ. ನಮ್ಮವ್ವನಿಗೆ ಮಂಡಿನೋವು, ಆ ಮೆಟ್ಟಿಲು ಈ ಜನ್ಮದಲ್ಲಿ ಇಳಿಯಲ್ಲ. ಬಸ್ ಚಾರ್ಜಿನಷ್ಟು ದುಡ್ಡಿಗೆ ಕೂರಿಸಿ ತೋರಿಸೋದಾದ್ರೆ ಮೊದಲು ಚಪ್ಪಾಳೆ ತಟ್ಟೋನು ನಾನೇ. ರೇಟು ಯಾರು ನಿಗದಿ ಮಾಡ್ತಾರೆ, ಎಷ್ಟು ವರ್ಷಕ್ಕೆ ಜಾಗ ಬರ್ಕೊಡ್ತಾರೆ, ಆ ಕಟಕಟೆ ಹತ್ರ ಬಿಟ್ಟಿಯಾಗಿ ನಿಲ್ಲೋಕೆ ಜಾಗ ಉಳಿಯುತ್ತಾ? ಇಷ್ಟೇ ನನ್ನ ತಕರಾರು.

ಜೋಗಕ್ಕೆ ಬದಲಾವಣೆ ಹೊಸದಲ್ಲ. ಶರಾವತಿ ಹುಟ್ಟೋದು ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟು, ಮಹಾತ್ಮ ಗಾಂಧಿ ವಿದ್ಯುದಾಗಾರ ಬಂತು. 1964ಕ್ಕೆ ಲಿಂಗನಮಕ್ಕಿ ಬಂದ ಮೇಲಂತೂ ಜೋಗ ಧುಮುಕಬೇಕೋ ಬೇಡವೋ ಅಂತ ಲೆಕ್ಕ ಹಾಕೋದು ಅಣೆಕಟ್ಟಿನ ಮಟ್ಟ. 1,819 ಅಡಿ ತುಂಬಿ ಗೇಟು ತೆಗೆದ್ರೆ ಅಬ್ಬರ, ಇಲ್ಲದಿದ್ರೆ ಬಂಡೆ ಮೇಲೆ ನಾಲ್ಕು ಗೆರೆ. ನಮ್ಮಜ್ಜ ಲಿಂಗನಮಕ್ಕಿ ಕೆಲಸದಲ್ಲಿ ಕಲ್ಲು ಹೊತ್ತವರು. ನಾಡಿಗೆಲ್ಲ ಕರೆಂಟು ಬಂತು, ಅಜ್ಜನ ಗುಡಿಸಲಿಗೆ ಬರಲಿಲ್ಲ. ಮುಳುಗಡೆಯಾಗಿ ಊರು ಬಿಟ್ಟವರ ಮಕ್ಕಳು ಮೊಮ್ಮಕ್ಕಳು ಅರವತ್ತು ವರ್ಷ ಕಳೆದ್ರೂ ಹಕ್ಕುಪತ್ರ ಹಕ್ಕುಪತ್ರ ಅಂತ ಕಚೇರಿ ಮೆಟ್ಟಿಲು ಸವೆಸ್ತಿದ್ದಾರೆ. ಅವರು ಬಂದಾಗ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತೆ. ರೋಪ್‌ವೇಗೂ ಅದೇ ಕಾಯ್ದೆ ಇದೆ, ಆದ್ರೆ ಅದಕ್ಕೆ ಇಲಾಖೆಗಳೇ ಕಡತ ಹಿಡ್ಕೊಂಡು ಬೆಂಗಳೂರು, ದೆಹಲಿ ಅಂತ ಅನುಮತಿ ಕೇಳೋಕೆ ಓಡಾಡ್ತವೆ. ಒಂದೇ ಕಾಯ್ದೆ. ಒಬ್ಬರಿಗೆ ಗೋಡೆ, ಇನ್ನೊಬ್ಬರಿಗೆ ಭರ್ತಿ ಮಾಡೋ ಫಾರಂ.

“ಹೊಟ್ಟೆಗಿಲ್ಲದ ಜನಕ್ಕೆ ಜಲಪಾತ, ಪಾರ್ಕು ಯಾಕಪ್ಪಾ, ಭೂಮಿ ಕೇಳು, ಮೀಸಲಾತಿ ಕೇಳು” ಅಂತ ನಮ್ಮ ಸಂಘಟನೆ ಹಿರಿಯರೇ ನನಗೆ ಹೇಳಿದ್ದಾರೆ. ಅವರ ಮೇಲೆ ಗೌರವ ಇದೆ. ಆದ್ರೆ ಅಣ್ಣಂದಿರಾ, ಸಂವಿಧಾನದ 15(2)ನೇ ವಿಧಿ ಇನ್ನೊಂದ್ಸಲ ತೆಗೆದು ನೋಡಿ. ಅಂಗಡಿ, ಹೋಟೆಲಿನ ಸಾಲಲ್ಲೇ ಸಾರ್ವಜನಿಕ ಮನರಂಜನೆ ಸ್ಥಳಗಳ ಹೆಸರಿದೆ. ಅದರ ಕೆಳಗೇ ಸರ್ಕಾರದ ದುಡ್ಡಲ್ಲಿ ನಡೆಯೋ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಜನ ಸೇರೋ ಜಾಗ. ಕುಡಿಯೋ ನೀರಿನ ಬಾವಿಯನ್ನೂ ಮನರಂಜನೆಯನ್ನೂ ಒಂದೇ ವಿಧಿಯಲ್ಲಿ ಇಟ್ಟಿದ್ದಾರೆ. ಸುಮ್ನೆ ಇಟ್ಟಿದ್ದಲ್ಲ. ನಾಟಕದ ಟೆಂಟಿನಿಂದ, ಜಾತ್ರೆ ತೇರಿನಿಂದ ದೂರ ನಿಲ್ಲಿಸಿಕೊಂಡವರಿಗೆ ಅದು ಯಾಕೆ ಅಂತ ಗೊತ್ತು. ಮಲೆನಾಡಲ್ಲಿ ನಮ್ಮಪ್ಪನ ಕಾಲದವರು ಅಂಗಡಿ ಹೊರಗೆ ಕೂತು ತೆಂಗಿನ ಚಿಪ್ಪಲ್ಲಿ ಚಾ ಕುಡಿದವರು. ಅಂಥೋರಿಗೆ ಜೋಗದ ಕಟಕಟೆ ಹತ್ರ “ನೀನು ಯಾರ ಪೈಕಿ” ಅಂತ ಯಾರೂ ಕೇಳದೆ ಅರ್ಧ ದಿನ ನಿಲ್ಲೋಕೆ ಆಗ್ತಿತ್ತು ಅನ್ನೋದು ಸಣ್ಣ ಮಾತಲ್ಲ.

ಆ ವಿಧಿಯಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಅಂತಿದೆ. ದುಡ್ಡು ಅಂತಿಲ್ಲ. ಈಗಿನ ಗೇಟು ನಿಂತಿರೋದು ಅಲ್ಲೇ. ಮಹಾಡಿನ ಚವದಾರ್ ಕೆರೆಯನ್ನ ಎಲ್ಲರಿಗೂ ಮುಕ್ತ ಅಂತ ಅಲ್ಲಿನ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ಕಾಗದದಲ್ಲಿ ಮುಕ್ತ, ದಡದಲ್ಲಿ ಇಲ್ಲ. 1927ರ ಮಾರ್ಚ್ 20ಕ್ಕೆ ಬಾಬಾಸಾಹೇಬರು ಹೋಗಿ ನೀರು ಮುಟ್ಟಬೇಕಾಯ್ತು.

ಅದೇ 1927ರಲ್ಲಿ ನಮ್ಮ ಕಡೆ ಕನ್ನಂಬಾಡಿ ಕೆಳಗೆ ಬೃಂದಾವನದ ಕೆಲಸ ಶುರುವಾಯ್ತು, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ. 1932ಕ್ಕೆ ಮುಗೀತು. ನಮ್ಮ ಕಾಲದ ಸರ್ಕಾರಿ ಶಾಲೆ ಪ್ರವಾಸ ಅಂದ್ರೆ ಅದೇ ಅಲ್ವಾ? ಮೇಷ್ಟ್ರು ಮಕ್ಕಳನ್ನ ಬಸ್ಸಿಗೆ ತುಂಬಿ ಮೈಸೂರಿನ ಮೃಗಾಲಯ, ಅರಮನೆ ತೋರಿಸಿ ಸಂಜೆಗೆ ಕೆಆರ್‌ಎಸ್. ದೀಪ ಹತ್ತಿದ ಕೂಡಲೇ ಎಲ್ಲರೂ ಒಟ್ಟಿಗೆ ಹೋ ಅಂತಿದ್ವಿ. ಆ ಉದ್ಯಾನಕ್ಕೂ ಈಗ ಗ್ರಹಚಾರ ಹಿಡಿದಿದೆ. 2018ರ ಹೊತ್ತಿಗೆ ಡಿಸ್ನಿಲ್ಯಾಂಡ್ ಮಾದರಿ ಮಾಡ್ತೀವಿ ಅಂದ್ರು. 2024ರಲ್ಲಿ ಸಚಿವ ಸಂಪುಟ 2,663 ಕೋಟಿ ರೂಪಾಯಿ ಯೋಜನೆಗೆ ಒಪ್ಪಿಗೆ ಕೊಟ್ಟಿತು, ಅದೂ ಖಾಸಗಿ ಸಹಭಾಗಿತ್ವ. ಅಣೆಕಟ್ಟಿನ ಬುಡದಲ್ಲಿ ಮನರಂಜನಾ ಪಾರ್ಕ್ ಬೇಡ ಅಂತ ಮಂಡ್ಯದ ರೈತರು ಬೀದಿಗಿಳಿದರು. ನಮ್ಮ ಸಂಘಟನೆಗಳು ಆ ಹೋರಾಟದ ಜೊತೆ ಇನ್ನೂ ಜೋರಾಗಿ ನಿಲ್ಲಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ.

ಡಿಸ್ನಿ ಡಿಸ್ನಿ ಅಂತಾರಲ್ಲ, ಅಲ್ಲೇ ಏನಾಗ್ತಿದೆ ನೋಡಿ. ಅಮೆರಿಕದ ಫ್ಲೋರಿಡಾದ ಡಿಸ್ನಿ ಪಾರ್ಕಲ್ಲಿ 1971ರಿಂದ ಒಂದು ಮಾನವ ನಿರ್ಮಿತ ನದಿ ಇತ್ತು, ಅದರಲ್ಲಿ ಹಳೇ ಕಾಲದ ದೋಣಿ, ನಡುವೆ ಒಂದು ನಡುಗಡ್ಡೆ. 2025ರ ಜುಲೈ 6ಕ್ಕೆ ಕೊನೇ ದಿನ. ಅದರ ಜಾಗಕ್ಕೆ ಕಾರುಗಳ ಕಾರ್ಟೂನ್ ಸಿನಿಮಾದ ಆಟಗಳು ಬರ್ತವೆ. ಸಿನಿಮಾ ಇದ್ರೆ ಬೊಂಬೆ ಮಾರಬಹುದು, ಅಂಗಿ ಮಾರಬಹುದು. ಸುಮ್ನೆ ಕೂತು ನೀರು ನೋಡೋನಿಂದ ಕಂಪನಿಗೆ ಏನು ಗಿಟ್ಟುತ್ತೆ? ಚಿಕ್ಕಂದಿನಲ್ಲಿ ಆ ದೋಣಿ ಹತ್ತಿದ್ದ ಜನ ಅತ್ತರಂತೆ. ಮಾನವ ನಿರ್ಮಿತ ನದಿಗೇ ಅಳೋರಿದ್ದಾರೆ ಅನ್ನೋದು ನನಗೆ ಆಶ್ಚರ್ಯವೂ ಹೌದು, ಸ್ವಲ್ಪ ಹೊಟ್ಟೆಕಿಚ್ಚೂ ಹೌದು.

ಅದೇ ಪಾರ್ಕುಗಳಲ್ಲಿ 1999ರಿಂದ ಸಾಲು ತಪ್ಪಿಸೋಕೆ ಒಂದು ಚೀಟಿ ಇತ್ತು, ಬಿಟ್ಟಿ. 2021ರಿಂದ ಅದಕ್ಕೂ ದುಡ್ಡು. ನಮ್ಮ ಬಿಡದಿಯ ವಂಡರ್‌ಲಾದಲ್ಲೂ ಹೆಚ್ಚು ಕೊಟ್ಟರೆ ಬೇಗ ಹತ್ತೋ ಟಿಕೆಟ್ ಇದೆ. ಇದೇನು ಅಮೆರಿಕದಿಂದ ಬಂದ ವಿದ್ಯೆ ಅಂದ್ಕೋಬೇಡಿ. ವಿಶೇಷ ದರ್ಶನ, ಶೀಘ್ರ ದರ್ಶನ ಅಂತ ನಮ್ಮ ದೇವಸ್ಥಾನದವರು ಯಾವತ್ತೋ ಕಲಿತಿದ್ದು. ಡಿಸ್ನಿಯವರು ತಡವಾಗಿ ಕಲಿತರು ಅಷ್ಟೇ.

ಇದರ ಬಿಸಿ ನಮ್ಮ ಕೇರಿಗೆ ಹೇಗೆ ತಟ್ಟುತ್ತೆ ಅಂತ ಹೇಳ್ತೀನಿ. ನನಗೆ ಪರಿಚಯದ ಒಂದು ಶಾಲೆ (ಹೆಸರು ಬೇಡ) ಪ್ರವಾಸವನ್ನ ಒಂದು ವಾಟರ್ ಪಾರ್ಕಿಗೆ ಇಟ್ಟಿತ್ತು. ತಲೆಗೆ 2,200 ರೂಪಾಯಿ. 2025-26ರ ಸಾಲಿನಲ್ಲಿ ನರೇಗಾ ಕೂಲಿ ದಿನಕ್ಕೆ 370 ಇತ್ತು. ಅಂದ್ರೆ ಒಂದು ಮಗುವಿಗೆ ಅವ್ವನ ಆರು ದಿನದ ಕೂಲಿ, ಅದೂ ಕೆಲಸ ಸಿಕ್ಕಿ, ದುಡ್ಡು ಖಾತೆಗೆ ಬಂದ್ರೆ. ನಮ್ಮ ಕಾಲೊನಿಯ ಮೂರು ಮಕ್ಕಳು ಹೋಗಲಿಲ್ಲ. ಒಂದು ಹುಡುಗಿಗೆ ಯಾಕಮ್ಮಾ ಅಂತ ಕೇಳಿದ್ರೆ “ನಂಗೆ ನೀರಂದ್ರೆ ಭಯ ಮಾಮ” ಅಂದ್ಲು. ತುಂಗೆಯಲ್ಲಿ ಮೀನಿನ ಹಾಗೆ ಈಜೋ ಹುಡುಗಿ ಅದು. ಮಾರನೇ ದಿನ ಕ್ಲಾಸಲ್ಲಿ ಹೋದವರೆಲ್ಲ ಫೋಟೊ ತೋರಿಸ್ತಾ ಇದ್ರೆ ಈ ಮೂರೂ ಹಿಂದಿನ ಬೆಂಚಲ್ಲಿ ಕೂತಿದ್ವು. ಯಾರೂ ಅವರ ಜಾತಿ ಕೇಳಿರಲಿಲ್ಲ, ಕೇಳೋ ಅಗತ್ಯವೂ ಬೀಳಲಿಲ್ಲ. ಪ್ರತಿ ನವೆಂಬರ್ ಒಂದಕ್ಕೆ ನಿಸಾರ್ ಅಹಮದರ ನಿತ್ಯೋತ್ಸವ ಹಾಡೋ ಸಾಲಲ್ಲಿ ಇದೇ ಮಕ್ಕಳು ಮುಂದೆ ನಿಲ್ತಾರೆ. ಅದರಲ್ಲಿ ಎಷ್ಟು ಜನ ಜೋಗ ಕಂಡಿದ್ದಾರೋ.

ಹಾಗಂತ ಹಳೆಯದೆಲ್ಲ ಹಾಗೇ ಇರಲಿ ಅನ್ನೋ ಪಂಗಡದವನಲ್ಲ ನಾನು. ಡಿಸ್ನಿಯ ದೋಣಿ ನಿಂತ ತಿಂಗಳಲ್ಲೇ, ಜುಲೈ 14ಕ್ಕೆ, ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಉದ್ಘಾಟನೆಯಾಯ್ತು. “ಅಯ್ಯೋ ಲಾಂಚ್ ಹೋಯ್ತಲ್ಲ, ಎಂಥಾ ಚೆಂದ ಇತ್ತು” ಅಂತ ಬೆಂಗಳೂರಿನ ಕೆಲವರು ಬರೆದ್ರು. ಚೆಂದ ಇದ್ದಿದ್ದು ವರ್ಷಕ್ಕೊಂದ್ಸಲ ಹತ್ತೋರಿಗೆ. ತುಮರಿ ಕಡೆ ಜನಕ್ಕೆ ಅದು ರಾತ್ರಿ ಹೆರಿಗೆ ನೋವು ಬಂದ್ರೆ ದಡದಲ್ಲಿ ಸಿಕ್ಕಿಹಾಕಿಕೊಳ್ಳೋ ಶಿಕ್ಷೆ. ಸೇತುವೆ ಅವರು ದಶಕಗಳ ಕಾಲ ಹೋರಾಡಿ ಪಡೆದಿದ್ದು. ಹಳೇದು ಹೋದ್ರೂ ಯಾವ ಸ್ಥಳೀಕರೂ ಅಳಲಿಲ್ಲ. ಜೋಗದ ಸ್ಟಾರ್ ಹೋಟೆಲನ್ನ ಯಾವ ಊರಿನವರು ಪಾದಯಾತ್ರೆ ಮಾಡಿ ಕೇಳಿದ್ರು ಅಂತ ಯಾರಾದ್ರೂ ಹೇಳಲಿ.

ಕೆಲಸದ ಮಾತಿಗೆ ಬರ್ತೀನಿ. “ನಿಮ್ಮ ಹುಡುಗರಿಗೇ ಉದ್ಯೋಗ ಸಿಗುತ್ತೆ” ಅಂತಾರೆ. ಯಾವ ಉದ್ಯೋಗ ಅಂತ ನಮಗೆ ಗೊತ್ತಿಲ್ವಾ? ಕಂಪನಿ ಹೆಸರಿನ ಅಂಗಿ ತೊಟ್ಟು ಕಕ್ಕಸು ತೊಳೆಯೋದು, ಗೇಟಲ್ಲಿ ಲಾಠಿ ಹಿಡಿದು ತನ್ನ ಕೇರಿಯವರನ್ನೇ ತಡೆಯೋದು. ಕೌಂಟರಿನಲ್ಲಿ ಕೂರೋನು, ಮ್ಯಾನೇಜರು, ಗುತ್ತಿಗೆದಾರ ಬೇರೆಯವರು. ಸರ್ಕಾರಿ ಕಾಮಗಾರಿಯ ಸಣ್ಣ ಗುತ್ತಿಗೆಗಳಲ್ಲಿ ಪರಿಶಿಷ್ಟ ಜಾತಿಗೆ ಶೇ 17.15, ಪಂಗಡಕ್ಕೆ ಶೇ 6.95 ಅಂತ ಕಾನೂನು ಮಾಡಿಸ್ಕೊಳ್ಳೋಕೆ ಎಷ್ಟು ವರ್ಷ ಬೇಕಾಯ್ತು! ದಶಕಗಟ್ಟಲೆ ಬರ್ಕೊಡೋ ಪಿಪಿಪಿ ಗುತ್ತಿಗೆ ಬಂದ್ರೆ ಆ ಲೆಕ್ಕವೇ ಅನ್ವಯ ಆಗಲ್ಲ. ಇನ್ನು ಅನಾನಸ್ ಮಾರೋ ಅಕ್ಕಂದಿರಿಗೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇದೆ. ಜೋಗ-ಕಾರ್ಗಲ್ ಪಟ್ಟಣ ಪಂಚಾಯಿತಿ ವ್ಯಾಪ್ತಿಯಲ್ಲಿ ಅವರ ಹೆಸರು ಪಟ್ಟಿಯಲ್ಲಿದೆಯಾ, ಗುರುತಿನ ಚೀಟಿ ಇದೆಯಾ ಅಂತ ಮೊದಲು ನೋಡಬೇಕು. ಚೀಟಿ ಇಲ್ಲದೋರನ್ನ ಎಬ್ಬಿಸೋಕೆ ಒಂದು ಬೆಳಗ್ಗೆ ಸಾಕು.

ನಮ್ಮ ಮಂಡಗದ್ದೆಗೂ ಇದು ದೂರದ ಮಾತಲ್ಲ. ಶಿವಮೊಗ್ಗ-ತೀರ್ಥಹಳ್ಳಿ ರಸ್ತೆ ಪಕ್ಕ, ತುಂಗೆ ನಡುವೆ ಇರೋ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುತ್ವೆ. ಬಸ್ಸಿಗೆ ಕಾಯೋ ಕೂಲಿ ಹೆಂಗಸರು ಮಗೂನ ಎತ್ತಿ ಹಿಡಿದು ತೋರಿಸ್ತಾರೆ. “ಇಲ್ಲೂ ಬೋಟಿಂಗು, ಗಾಜಿನ ಸೇತುವೆ ಬಂದ್ರೆ ಊರು ಉದ್ಧಾರ” ಅಂತ ಚಾ ಅಂಗಡಿಯಲ್ಲಿ ಮಾತಾಡೋದು ಕೇಳಿದ್ದೀನಿ. ಮಾತಾಡೋರು ರಸ್ತೆ ಬದಿ ಸೈಟು ಇರೋರು, ಅವರ ಲೆಕ್ಕ ಅವರಿಗೆ. ನಾವು ಈಗಲೇ ಕೇಳೋದು ಕಲಿಯದಿದ್ರೆ ನಮ್ಮನ್ನ ಕರೆಯೋದು ಗುದ್ದಲಿ ಪೂಜೆ ದಿನ ಕುರ್ಚಿ ಹಾಕೋಕೆ.

ಹಾಗಾಗಿ ಒಂದು ಕೆಲಸ. ಜೋಗದ ಬಗ್ಗೆ ಮಾಹಿತಿ ಹಕ್ಕಿನಲ್ಲಿ ಐದು ಅರ್ಜಿ ಹಾಕೋಣ. ಒಪ್ಪಂದದ ಪ್ರತಿ ಮತ್ತು ಅವಧಿ ಒಂದು. ಪ್ರವೇಶ ಶುಲ್ಕ ನಿಗದಿ ಮಾಡಿದ ಸಭೆಯ ನಡಾವಳಿ ಒಂದು. ಶುಲ್ಕದ ಲೆಕ್ಕ, ಅದು ಹೋಗೋ ಖಾತೆ ಒಂದು. ಮಳಿಗೆ ಹಂಚಿಕೆಯಲ್ಲಿ ಪರಿಶಿಷ್ಟರಿಗೆ ಎಷ್ಟು ಅಂತ ಒಂದು. ಸ್ವಚ್ಛತಾ ಕೆಲಸದವರ ವೇತನ ಮತ್ತು ಪಿಎಫ್ ಒಂದು. ಎಲ್ಲ ಒಂದರಲ್ಲೇ ತುರುಕಬೇಡಿ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಅದೇ ನೆಪದಲ್ಲಿ ವಾಪಸ್ ಕಳಿಸ್ತಾರೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ. ಬಿಪಿಎಲ್ ಕಾರ್ಡ್ ಇದ್ದೋರು ಅದರ ಜೆರಾಕ್ಸ್ ಇಟ್ಟರೆ ಆ ಹತ್ತೂ ಬೇಡ. ಸಾಗರ, ಹೊಸನಗರ, ತೀರ್ಥಹಳ್ಳಿಯಿಂದ ತಲಾ ಒಬ್ಬರಾದ್ರೂ ಮುಂದೆ ಬನ್ನಿ. ಐದರ ಕರಡೂ ಟೈಪ್ ಮಾಡಿ ಇಟ್ಟಿದ್ದೀನಿ, ಇನ್‌ಬಾಕ್ಸಿಗೆ ಬಂದ್ರೆ ಕಳಿಸ್ತೀನಿ.