ಕೊಳೆ ಮುಚ್ಚುವ ಬಣ್ಣ

ಬೇಸಿಗೆ ರಜೆಯಲ್ಲಿ ನಮ್ಮ ಶಾಲೆಯ ಐದನೆಯ ತರಗತಿಯ ಕೋಣೆಗೆ ಬಣ್ಣ ಬಳಿಸುವ ಮಾತು ಬಂತು. ಬಿಳಿ ಸುಣ್ಣವೋ, ಗಾಢ ನೀಲಿ ಆಯಿಲ್ ಪೇಂಟೋ ಎಂಬುದು ಪ್ರಶ್ನೆ. ಸಮಿತಿಯ ಹಿರಿಯರೊಬ್ಬರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು: "ನೀಲಿಯೇ ಇರಲಿ ಅಕ್ಕೋರೇ, ಕೊಳೆ ಕಾಣೋದಿಲ್ಲ."

ಕೊಳೆ ಕಾಣದಿರುವುದು ಒಂದು ಗುಣವೆಂದು ನಮಗೆ ಹೇಳಿಕೊಟ್ಟವರಾರು? ಕಾಣದ ಕೊಳೆಯನ್ನು ಯಾರೂ ತೊಳೆಯುವುದಿಲ್ಲ. 'ಮೇಲೆ ಥಳಕು, ಒಳಗೆ ಹುಳುಕು' ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಮಕ್ಕಳಿಗೆ ಹೇಳುವ ನಾವೇ ಅದನ್ನು ಗೋಡೆಗೂ ಬಳಿಯಬೇಕೆ?

ನಮ್ಮದು ಮಲೆನಾಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ, ಮಳೆ. ಗಾಳಿ ಬೀಸಿತೆಂದರೆ ಕರೆಂಟಿಲ್ಲ. ಕೋಣೆಗೆ ಇರುವುದು ಎರಡು ಸಣ್ಣ ಕಿಟಕಿ. ಹೊಸ ಸುಣ್ಣದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಪಾಲನ್ನು ಕೋಣೆಗೇ ಹಿಂದಿರುಗಿಸುತ್ತದೆ. ಗಾಢ ನೀಲಿ ಹೆಚ್ಚಿನದನ್ನು ತಾನೇ ನುಂಗುತ್ತದೆ. ಪಕ್ಕದ ಆರನೆಯ ತರಗತಿಗೆ ಮೂರು ವರ್ಷದ ಹಿಂದೆ ಇದೇ ನೀಲಿ ಬಳಿಸಿದ್ದರು. ಅಲ್ಲಿ ಕಡೆಯ ಬೆಂಚಿನ ಹುಡುಗಿಯೊಬ್ಬಳು ಬೋರ್ಡಿನ ಮೇಲಿನ 3ನ್ನು 8 ಎಂದು ಬರೆದುಕೊಂಡಳು. ನಾನು ಗದರಿದೆ. ಆಮೇಲೆ ಅವಳ ಜಾಗದಲ್ಲಿ ಕುಳಿತು ನೋಡಿದರೆ ನನಗೂ ಅದು 8 ಆಗಿಯೇ ಕಂಡಿತು. ಆ ದಿನದ ನಾಚಿಕೆ ಇನ್ನೂ ಹೋಗಿಲ್ಲ.

ಇನ್ನು ತೇವದ ಮಾತು. ನಮ್ಮ ಹಳೆಯ ಜಂಬಿಟ್ಟಿಗೆಯ ಗೋಡೆ ಮಳೆಗಾಲದಲ್ಲಿ ನೀರು ಹೀರುತ್ತದೆ. ಸುಣ್ಣವಾದರೆ ಆ ತೇವ ಆರಿಹೋಗಲು ದಾರಿಯಿದೆ. ಅದರ ಕ್ಷಾರಕ್ಕೆ ಬೂಷ್ಟೂ ಬೇಗ ಹಿಡಿಯದು. ಎಣ್ಣೆಬಣ್ಣ ತೇವವನ್ನು ಒಳಗೇ ಕೂಡಿಹಾಕಿ, ಗುಳ್ಳೆಯೆದ್ದು, ಹಕ್ಕಳೆಯಾಗಿ ಉದುರುತ್ತದೆ.

"ಸುಣ್ಣ ಮಕ್ಕಳ ಅಂಗಿಗೆ ಮೆತ್ತುತ್ತದಲ್ಲ?" ಎಂದು ಕೇಳಿದರು. ನಿಜ. ಗೋಂದು ಬೆರೆಸಿದರೆ ಅಷ್ಟು ಮೆತ್ತುವುದಿಲ್ಲ. ಮಕ್ಕಳು ಒರಗುವ ಮೂರಡಿಯವರೆಗೆ ಬೇಕಾದರೆ ಸುಣ್ಣಕ್ಕೆ ಕೆಮ್ಮಣ್ಣು ಕಲಸಿ ಬಳಿಯಿರಿ, ನನ್ನ ತಕರಾರಿಲ್ಲ. ಪದೇಪದೇ ಬಳಿಸಬೇಕೆಂಬುದೂ ನಿಜ. ಬಳಿಸೋಣ. ಗೋಡೆಯ ಕಡೆ ಕಣ್ಣಿಟ್ಟು ನೋಡಲು ಅದೊಂದು ನೆಪವಾದೀತು.

ಬಿಳಿ ಗೋಡೆಯ ಮೇಲೆ ಎಣ್ಣೆತಲೆಯ ಗುರುತು, ಶಾಯಿಯ ಬೆರಳು ಎಲ್ಲ ಕಾಣುತ್ತದೆ. ಕಾಣಲಿ. ಒರೆಸುವ ಕೆಲಸ ದೊಡ್ಡವರದು. ಅದನ್ನು ತಪ್ಪಿಸಿಕೊಳ್ಳಲು ಮಕ್ಕಳ ಬೆಳಕನ್ನು ಕಸಿಯುವುದು ಯಾವ ನ್ಯಾಯ?

ಬಣ್ಣ ಆರಿಸುವ ಸಭೆ ನಡೆದದ್ದು ಬೇಸಿಗೆಯಲ್ಲಿ, ಆಫೀಸಿನ ಟ್ಯೂಬ್‌ಲೈಟಿನ ಕೆಳಗೆ. ನೀಲಿಯೇ ಬೇಕೆನ್ನುವವರು ಜುಲೈ ತಿಂಗಳ ಒಂದು ಮಳೆಯ ಮಧ್ಯಾಹ್ನ ಆರನೆಯ ತರಗತಿಯ ಕಡೆಯ ಬೆಂಚಿನಲ್ಲಿ ಕುಳಿತು ಬೋರ್ಡು ಓದಿ ಬರಲಿ. ಆಮೇಲೆ ಮಾತಾಡೋಣ.