ಆಪ್‌ನಲ್ಲಿ ಬಿಸಿಲು, ಹೊಳೆಯಲ್ಲಿ ಬೇರೆ ಲೆಕ್ಕ

ಡಿಸೆಂಬರ್ ಬಂತು ಅಂದ್ರೆ ಬೆಂಗಳೂರು, ಮೈಸೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಪ್ಲಾನ್ ಓಡಾಡುತ್ತೆ: ಬೆಳಿಗ್ಗೆ ಸೋಮನಾಥಪುರ, ಮಧ್ಯಾಹ್ನ ತಲಕಾಡು, ಅಲ್ಲೇ ಹೊಳೇಲಿ ಒಂದು ಮುಳುಗು, ಸಂಜೆ ಮುಡುಕುತೊರೆ ಬೆಟ್ಟ. ಹೊರಡೋ ಮುಂಚೆ ಎಲ್ಲರೂ ಫೋನ್‌ನಲ್ಲಿ ಹವಾಮಾನ ನೋಡ್ತಾರೆ. ಸೂರ್ಯನ ಚಿತ್ರ ಇದೆ, ಮಳೆ ಇಲ್ಲ. ಸರಿ, ಗಾಡಿ ತೆಗಿ.

ಆಪ್ ಸುಳ್ಳು ಹೇಳಿರಲ್ಲ. ಆದರೆ ತಿ. ನರಸೀಪುರ, ನಂಜನಗೂಡು ಭಾಗದಲ್ಲಿ ಚಳಿಗಾಲದ ಹೊಳೆ ಎಷ್ಟು ಹರಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಆಕಾಶ ಅಲ್ಲ, ಅಣೆಕಟ್ಟೆಯ ಗೇಟು. ಗೇಟಿನ ಹಿಂದೆ ಇರುವುದು ಸರ್ಕಾರ. ಆ ಮಾಹಿತಿ ನೀರಿಗಿಳಿಯುವವರಿಗೆ ಯಾಕೆ ತಲುಪಲ್ಲ ಅನ್ನೋದು ಹವಾಮಾನದ ಪ್ರಶ್ನೆಯಲ್ಲ, ಆಡಳಿತದ ಪ್ರಶ್ನೆ.

ಮೊದಲು ಆಕಾಶದ ವಿಷಯವನ್ನೇ ನೋಡೋಣ. ನಾವು ಡಿಸೆಂಬರನ್ನು ಚಳಿಗಾಲ ಅಂತೀವಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಚಳಿಗಾಲ ಅಂದರೆ ಜನವರಿ, ಫೆಬ್ರವರಿ ಮಾತ್ರ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ಅದರ ಬಾಲ ಇಲ್ಲಿಗೂ ತಾಗುತ್ತದೆ. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಮುಟ್ಟಿದ ಫೆಂಗಲ್, ಡಿಸೆಂಬರ್ ಮೊದಲ ವಾರದಲ್ಲಿ ದಕ್ಷಿಣ ಒಳನಾಡಿಗೂ ಮಳೆ ತಂತು.

ಮಳೆ ಇಲ್ಲದ ದಿನವೂ ಪೂರ್ತಿ ಸಲೀಸಲ್ಲ. ರಾತ್ರಿ ಮೋಡವಿಲ್ಲದಿದ್ದರೆ ನೆಲ ಬೇಗ ತಣ್ಣಗಾಗುತ್ತದೆ. ಹೊಳೆ, ನಾಲೆ, ಗದ್ದೆಗಳ ತೇವ ಗಾಳಿಯಾಡದ ತಗ್ಗಿನಲ್ಲಿ ಮಂಜಾಗಿ ನಿಲ್ಲುತ್ತದೆ. ಮೈಸೂರಿನಲ್ಲಿ ತಿಳಿಯಾಗಿ ಕಂಡ ರಸ್ತೆ ಹೊಳೆ ಬಯಲಿಗೆ ಇಳಿಯುತ್ತಿದ್ದಂತೆ ಕಾಣದಂತಾಗಬಹುದು. ಆಪ್ ಕೊಡುವ ಜಿಲ್ಲೆಯ ಸರಾಸರಿಯಲ್ಲಿ ಈ ತಗ್ಗಿನ ಮಂಜು ಎಷ್ಟೋ ಸಲ ಕಾಣೋದೇ ಇಲ್ಲ.

ಈಗ ಹೊಳೆಗೆ ಬರೋಣ. ತಿರುಮಕೂಡಲಿನಲ್ಲಿ ಕಾವೇರಿಗೆ ಕಬಿನಿ ಸೇರುತ್ತದೆ. ಕಾವೇರಿಯ ಮೇಲ್ಗಡೆ 49.45 ಟಿಎಂಸಿ ಸಾಮರ್ಥ್ಯದ ಕೆಆರ್‌ಎಸ್, ಕಬಿನಿಯ ಮೇಲ್ಗಡೆ ಬೀಚನಹಳ್ಳಿಯ 19.52 ಟಿಎಂಸಿ ಜಲಾಶಯ. ಸುಪ್ರೀಂ ಕೋರ್ಟ್‌ನ 2018ರ ತೀರ್ಪಿನ ಪ್ರಕಾರ ಸಾಮಾನ್ಯ ಮಳೆಯ ವರ್ಷದಲ್ಲಿ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ 177.25 ಟಿಎಂಸಿ ಹರಿಯಬೇಕು. ಅದನ್ನು ತಿಂಗಳುವಾರು ಹಂಚಿದ್ದಾರೆ: ಡಿಸೆಂಬರ್‌ಗೆ 7.35 ಟಿಎಂಸಿ, ಜನವರಿಗೆ 2.76. ಡಿಸೆಂಬರ್ ಪಾಲನ್ನು 31 ದಿನಕ್ಕೆ ಹಂಚಿದರೆ ಸರಾಸರಿ ಸುಮಾರು 2,700 ಕ್ಯೂಸೆಕ್, ಜನವರಿಯದ್ದು ಸಾವಿರದ ಆಸುಪಾಸು.

ಹೊಳೆ ಹೀಗೆ ಸರಾಸರಿ ಲೆಕ್ಕದಲ್ಲಿ ಹರಿಯಲ್ಲ. ಕುಡಿಯುವ ನೀರು, ನಾಲೆಗಳ ಅಗತ್ಯ, ಹಿಂಗಾರು ಮಳೆ, ಜಲಾಶಯದ ಮಟ್ಟ ಎಲ್ಲ ನೋಡಿಕೊಂಡು ಹೊರಹರಿವು ಏರುತ್ತೆ, ಇಳಿಯುತ್ತೆ. ಬೆಳಿಗ್ಗೆ ಮೊಣಕಾಲುದ್ದ ಇದ್ದ ಜಾಗ ಮಧ್ಯಾಹ್ನ ಎದೆ ಮಟ್ಟ ಆಗಬಹುದು. ತಲೆ ಮೇಲೆ ಸುಡು ಬಿಸಿಲು, ಒಂದು ಹನಿ ಮಳೆ ಇಲ್ಲ. ಮೇಲಿನಿಂದ ಬಿಟ್ಟ ನೀರು ಗಂಟೆಗಟ್ಟಲೆ ಹರಿದು ಬಂದು ಕಾಲಡಿ ಸೇರಿರುತ್ತೆ, ಅಷ್ಟೇ.

ಇದರ ಜೊತೆಗೆ ಮರಳು. ಈ ತಾಲೂಕಿಗೆ ಅಕ್ರಮ ಮರಳು ದಂಧೆಯ ಸುದ್ದಿ ಹೊಸದಲ್ಲ. ಮರಳು ಬಗೆದ ಕಡೆ ಹೊಳೆಯ ತಳ ಸಮತಟ್ಟಾಗಿರಲ್ಲ. ಎರಡು ಹೆಜ್ಜೆ ಆಚೆ ಆಳದ ಗುಂಡಿ, ಅದರ ಅಂಚು ಕಾಲಿಟ್ಟರೆ ಜಾರುತ್ತೆ. ಈಜು ಬಂದವರೂ ಅಲ್ಲಿ ತತ್ತರಿಸುತ್ತಾರೆ. ಅಂದರೆ ಒಬ್ಬರ ಸಾವಿನ ಹಿಂದೆ ಎಂದೋ ತುಂಬಿ ಹೋದ ಮರಳು ಲಾರಿಯೂ ಇರಬಹುದು. ಎಫ್‌ಐಆರ್‌ನಲ್ಲಿ ಮಾತ್ರ ‘ಕಾಲು ಜಾರಿ’ ಅಂತಿರುತ್ತೆ.

ಹಾಗಾದರೆ ಮಾಹಿತಿ ಇಲ್ಲವೇ? ಇದೆ, ಬೇಕಾದಷ್ಟಿದೆ. ಕೇಂದ್ರ ಜಲ ಆಯೋಗ ಕಬಿನಿಯ ಹರಿವನ್ನು ತಿ. ನರಸೀಪುರದಲ್ಲೇ ಅಳೆಯುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವನ್ನು ದಿನವೂ ಪ್ರಕಟಿಸುತ್ತದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟು, ರೈತರಿಗೆ ‘ವರುಣಮಿತ್ರ’ ಸಹಾಯವಾಣಿಯಲ್ಲಿ ಮುನ್ಸೂಚನೆ ಹೇಳುವ ವ್ಯವಸ್ಥೆ ಕಟ್ಟಿದ್ದೂ ಇದೇ ಕೇಂದ್ರ. ಮುಂಗಾರಿನಲ್ಲಿ ಹೆಚ್ಚು ನೀರು ಬಿಟ್ಟಾಗ ನದಿಪಾತ್ರದ ಊರುಗಳಿಗೆ ಎಚ್ಚರಿಕೆ ಹೋಗುತ್ತದೆ. ಆದರೆ ಈ ಎಲ್ಲ ವ್ಯವಸ್ಥೆಯೂ ರೈತ ಮತ್ತು ಪ್ರವಾಹ ಎಂಬ ಎರಡೇ ಲೆಕ್ಕದಲ್ಲಿ ಯೋಚಿಸುತ್ತೆ. ಚಳಿಗಾಲದ ಭಾನುವಾರ ಸ್ನಾನಕ್ಕೋ ಮೋಜಿಗೋ ಹೊಳೆಗಿಳಿಯುವ ಹೊರಗಿನವರು ಆ ಲೆಕ್ಕದಲ್ಲೇ ಇಲ್ಲ. ಪ್ರವಾಹ ಅನ್ನಿಸಿಕೊಳ್ಳಲು 2,700 ಕ್ಯೂಸೆಕ್ ಏನೇನೂ ಅಲ್ಲ. ಒಬ್ಬ ಹುಡುಗನನ್ನು ಕೊಚ್ಚಿಕೊಂಡು ಹೋಗಲು ಅಷ್ಟು ಬೇಕಾಗಿಯೂ ಇಲ್ಲ.

ಇತ್ತ ಜನರನ್ನು ಕರೆಯುತ್ತಿರುವುದು ಸರ್ಕಾರವೇ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡಿನ ಜೊತೆ ಸೋಮನಾಥಪುರವೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. 2025ರ ಫೆಬ್ರವರಿ 10ರಿಂದ 12ರವರೆಗೆ ಸಂಗಮದಲ್ಲಿ ಕುಂಭಮೇಳ ನಡೆದಾಗ ಬ್ಯಾರಿಕೇಡು, ದೋಣಿ, ಈಜುಗಾರರು ಎಲ್ಲ ಬಂದರು. ಮೂರು ದಿನದ ಮಟ್ಟಿಗೆ ಹೊಳೆ ಎಲ್ಲಿ ಆಳ, ಎಲ್ಲಿ ಸೆಳೆತ ಎಂಬುದು ಆಡಳಿತಕ್ಕೆ ಗೊತ್ತಿರುತ್ತೆ. ಉಳಿದ ದಿನಗಳಿಗೆ ‘ಈಜುವುದು ನಿಷೇಧ’ ಎಂಬ ಬೋರ್ಡು.

ಬೆಟ್ಟಗಳಲ್ಲೂ ಇದೇ ಕತೆ ಇತ್ತು. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಸರ್ಕಾರ ಮೊದಲು ಮಾಡಿದ್ದು ತಾತ್ಕಾಲಿಕ ನಿಷೇಧ. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣ ಬಂತು, ಒಂದು ಚಾರಣ ಪಥಕ್ಕೆ ದಿನಕ್ಕೆ 300 ಜನ ಎಂಬ ಮಿತಿ ಬಂತು. ಅಲ್ಲಿ ಎಣಿಕೆಯಾದರೂ ಶುರುವಾಗಿದೆ. ಹೊಳೆ ದಡದಲ್ಲಿ ಎಣಿಸೋದು ಹೆಣಗಳನ್ನು ಮಾತ್ರ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿ ಪ್ರಕಾರ ದೇಶದಲ್ಲಿ ಆ ಒಂದು ವರ್ಷ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು.

“ಕುಡಿದು ನೀರಿಗಿಳಿದರೆ ಸರ್ಕಾರ ಏನು ಮಾಡುತ್ತೆ?” ಅಂತ ಕೇಳುವವರಿದ್ದಾರೆ. ಕುಡಿದು ಇಳಿಯೋದು ತಪ್ಪೇ. ಆದರೆ ಕುಡಿಯದೆ ಇಳಿದವರೂ, ದೇವರ ಹೆಸರಲ್ಲಿ ಮುಳುಗು ಹಾಕಲು ಬಂದ ಹೆಂಗಸರು ಮಕ್ಕಳೂ ಹೋಗಿದ್ದಾರೆ. ಕಾವೇರಿ ಸ್ನಾನವನ್ನು ಬೋರ್ಡು ಹಾಕಿ ನಿಲ್ಲಿಸೋಕೆ ಆಗಲ್ಲ. ನಾಲ್ಕು ಜನ ಇರುವ ಕಡೆ ತಡೆದರೆ, ಯಾರೂ ಇಲ್ಲದ ಕಡೆ ಹೋಗಿ ಇಳೀತಾರೆ.

ಮಾಡಬೇಕಾದ್ದು ದುಬಾರಿ ಕೆಲಸವೇನಲ್ಲ. ಸಂಗಮ, ತಲಕಾಡು, ನಂಜನಗೂಡಿನ ಸ್ನಾನಘಟ್ಟಗಳಲ್ಲಿ ಎಲ್ಲರಿಗೂ ಕಾಣುವ ಅಳತೆ ಕಂಬ ನೆಟ್ಟು, ಪಕ್ಕದಲ್ಲಿ ಆ ದಿನದ ಹೊರಹರಿವು ಬರೆಯಿರಿ: ಇಳಿಯಬಹುದು, ದಡದಲ್ಲೇ ಇರಿ, ಹತ್ತಿರ ಬರಬೇಡಿ. ನೀರು ಹೆಚ್ಚು ಬಿಡುವ ಮುಂಚೆ ಸೆಲ್ ಬ್ರಾಡ್‌ಕಾಸ್ಟ್ ಎಚ್ಚರಿಕೆ ಕಳಿಸಿ. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಫೋನ್‌ಗಳೆಲ್ಲ ಒಮ್ಮೆಲೇ ಕಿರುಚಿದ ಪರೀಕ್ಷೆ ನೆನಪಿದೆಯಲ್ಲ? ಅದು ಟವರ್ ಆಧರಿಸಿದ್ದು. ದಡದಲ್ಲಿರುವವರು ಊರಿನವರೋ ಬೆಂಗಳೂರಿನವರೋ ಅಂತ ಅದು ಕೇಳಲ್ಲ. ಇನ್ನು, ಡಿಸೆಂಬರ್‌ನಿಂದ ಫೆಬ್ರವರಿವರೆಗೆ ರಜಾದಿನಗಳಲ್ಲಿ ಊರಿನ ಅಂಬಿಗರನ್ನು, ಮೀನುಗಾರರನ್ನು ಸಂಬಳ ಕೊಟ್ಟು ಕಾವಲಿಗೆ ಇಡಿ. ಹೆಣ ತೆಗೆಯಲು ಅವರನ್ನೇ ಕರೀತೀರಿ, ಜೀವ ಉಳಿಸಲು ಮುಂಚೆಯೇ ಕರೆಯಿರಿ.

ಈ ನೆಲಕ್ಕೆ ರಾಜಕೀಯ ಬಲ ಕಡಿಮೆಯೇನಿಲ್ಲ. 2023ರಲ್ಲಿ ನಂಜನಗೂಡು, ತಿ. ನರಸೀಪುರ ತಾಲೂಕುಗಳ ಊರುಗಳೂ ಸೇರಿರುವ ವರುಣದಿಂದ ಗೆದ್ದ ಸಿದ್ದರಾಮಯ್ಯ ಮುಖ್ಯಮಂತ್ರಿಯಾದರು. ತಿ. ನರಸೀಪುರದಿಂದ ಗೆದ್ದ ಎಚ್.ಸಿ. ಮಹದೇವಪ್ಪ ಮೈಸೂರು ಜಿಲ್ಲಾ ಉಸ್ತುವಾರಿ ಸಚಿವರಾದರು. ಅಂಥ ತಾಲೂಕಿನಲ್ಲೇ ಒಂದು ಅಳತೆ ಕಂಬಕ್ಕೆ ಅರ್ಜಿ ಹಾಕಬೇಕಾದರೆ, ಹಾಕೋಣ. ಗ್ರಾಮಸಭೆಯಲ್ಲಿ ಕೇಳೋಣ, ಆರ್‌ಟಿಐನಲ್ಲಿ ಕೇಳೋಣ: ಕಳೆದ ಚಳಿಗಾಲದಲ್ಲಿ ಇಲ್ಲಿ ಮುಳುಗಿದವರು ಎಷ್ಟು? ಆ ದಿನ, ಆ ಹೊತ್ತಿಗೆ ಮೇಲಿನಿಂದ ಬಿಟ್ಟಿದ್ದ ನೀರು ಎಷ್ಟು?