ಬೆಟ್ಟದ ತುದಿಯಲ್ಲೊಂದು ಬಾನುಲಿ ಕೇಂದ್ರ

ರಜೆ ಬಂತೆಂದರೆ ಬೆಟ್ಟ ಹತ್ತುವವರಿಗೇನೂ ಕೊರತೆಯಿಲ್ಲ. ತುದಿ ತಲುಪಿ, ಬುತ್ತಿ ಬಿಚ್ಚಿ, ನಾಲ್ಕು ಫೋಟೊ ತೆಗೆದು ಇಳಿದುಬಿಡುವುದು ವಾಡಿಕೆ. ಬ್ರಿಟನ್ನಿನ ವೇಲ್ಸ್ ನಾಡಿನ ಬೆಟ್ಟಗಳಲ್ಲಿ ಮಾತ್ರ ಇನ್ನೊಂದು ಬಗೆಯ ಚಾರಣಿಗರು ಕಾಣಸಿಗುತ್ತಾರೆ. ಅವರ ಬೆನ್ನಚೀಲದಲ್ಲಿ ಮಡಚಬಹುದಾದ ಉದ್ದನೆಯ ಗಾಳದ ಕೋಲಿರುತ್ತದೆ. ಬೆಟ್ಟದ ನೆತ್ತಿಯಲ್ಲಿ ಎಲ್ಲಿಯ ಮೀನು ಎನ್ನುತ್ತೀರಾ? ಆ ಕೋಲನ್ನು ನೆಟ್ಟಗೆ ನಿಲ್ಲಿಸಿ ತುದಿಗೆ ತಂತಿ ಕಟ್ಟಿದರೆ ಅದೇ ಆಂಟೆನಾ. ಅವರೆಲ್ಲ ಹವ್ಯಾಸಿ ರೇಡಿಯೋದವರು, ಅಂದರೆ ಹ್ಯಾಮ್‌ಗಳು.

ಪರೀಕ್ಷೆ ಬರೆದು, ಸರ್ಕಾರದ ಪರವಾನಗಿ ಪಡೆದು, ತಮ್ಮದೇ ಪ್ರೇಷಕದಿಂದ ಲಾಭದ ಆಸೆಯಿಲ್ಲದೆ ಮಾತಾಡುವವರೇ ಹ್ಯಾಮ್‌ಗಳು. ಅವರಿಗೂ ಬೆಟ್ಟಕ್ಕೂ ನಂಟು ಹಳೆಯದು. ಆ ನಂಟಿಗೆ ಆಟದ ರೂಪ ಕೊಟ್ಟದ್ದು 'ಸಮಿಟ್ಸ್ ಆನ್ ದಿ ಏರ್' ಎಂಬ ಯೋಜನೆ. 2002ರ ಮಾರ್ಚ್ 2ರಂದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆರಂಭವಾದ ಇದು ಮುಂದೆ ಹಲವು ದೇಶಗಳಿಗೆ ಹಬ್ಬಿತು. ಎತ್ತರಕ್ಕೆ ತಕ್ಕಂತೆ ಒಂದೊಂದು ಶಿಖರಕ್ಕೆ 1ರಿಂದ 10 ಅಂಕ. ವೇಲ್ಸ್‌ನ ಅತಿ ಎತ್ತರದ ಸ್ನೋಡನ್ನಿಗೆ (1,085 ಮೀಟರ್) ಪೂರ್ತಿ ಹತ್ತು. ಕಾರಿನೊಳಗೆ ಕುಳಿತು ಮಾತಾಡಿದರೆ ಅಂಕವಿಲ್ಲ. ಸಲಕರಣೆಯನ್ನು ಹೊತ್ತೇ ಹತ್ತಬೇಕು, ಬ್ಯಾಟರಿಯಲ್ಲೋ ಸೌರಫಲಕದಲ್ಲೋ ನಡೆಸಬೇಕು.

ಇಷ್ಟೆಲ್ಲ ಕಷ್ಟ ಏಕೆ? ಉತ್ತರ ಭೂಮಿಯ ಗುಂಡಾಕಾರದಲ್ಲಿದೆ. ಕೈಯಲ್ಲಿ ಹಿಡಿಯುವ ರೇಡಿಯೋಗಳು ಸಾಮಾನ್ಯವಾಗಿ ಬಳಸುವ 144 ಮೆಗಾಹರ್ಟ್ಸ್ ಆಸುಪಾಸಿನ ಅಲೆಗಳು ಹೆಚ್ಚುಕಡಿಮೆ ನೇರವಾಗಿಯೇ ಸಾಗುತ್ತವೆ. ದಿಗಂತದಾಚೆಗೆ ನೆಲವೇ ಅಡ್ಡ. ಅಲೆ ಎಷ್ಟು ದೂರ ಹೋದೀತೆಂದು ತಿಳಿಯಲು ಒಂದು ಸುಲಭ ಸೂತ್ರವಿದೆ: ಆಂಟೆನಾದ ಎತ್ತರವನ್ನು ಮೀಟರ್‌ನಲ್ಲಿ ಬರೆದು, ಅದರ ವರ್ಗಮೂಲವನ್ನು 4.1ರಿಂದ ಗುಣಿಸಿ. ಬರುವ ಉತ್ತರ ಕಿಲೋಮೀಟರ್‌ನಲ್ಲಿರುತ್ತದೆ. ಬಯಲಿನಲ್ಲಿ ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದ ರೇಡಿಯೋಗೆ ದಿಗಂತ ಸುಮಾರು 5 ಕಿಲೋಮೀಟರ್. ಸ್ನೋಡನ್ ಶಿಖರದಿಂದ ಸಮುದ್ರದ ಕಡೆಗಾದರೆ ಸುಮಾರು 135!

ನಮ್ಮ ನಂದಿಬೆಟ್ಟಕ್ಕೂ ಇದೇ ಲೆಕ್ಕ ಹಾಕಬಹುದು. ಆದರೆ ಜಾಣ ವಿದ್ಯಾರ್ಥಿ ಸೂತ್ರದಲ್ಲಿ 1,478 ಎಂದು ಬರೆಯುವುದಿಲ್ಲ. ಅದು ಸಮುದ್ರಮಟ್ಟದಿಂದ ಇರುವ ಎತ್ತರ. ಬೆಂಗಳೂರೇ 900 ಮೀಟರಿಗಿಂತ ಎತ್ತರದಲ್ಲಿದೆ. ಲೆಕ್ಕಕ್ಕೆ ಬರುವುದು ಸುತ್ತಲಿನ ನೆಲಕ್ಕಿಂತ ಬೆಟ್ಟ ಎಷ್ಟು ಮೇಲಿದೆ ಎಂಬುದು, ಅಂದರೆ ಸುಮಾರು 550 ಮೀಟರ್. ಉತ್ತರ ಸುಮಾರು 95 ಕಿಲೋಮೀಟರ್. ನಡುವೆ ಬೇರೆ ಗುಡ್ಡ ಅಡ್ಡ ಬರದಿದ್ದರೆ, ಒಂದು ಸಣ್ಣ ಎಲ್‌ಇಡಿ ಬಲ್ಬಿನಷ್ಟು, ಅಂದರೆ 5 ವಾಟ್ ಶಕ್ತಿಯ ರೇಡಿಯೋ ಸಹ ಇಷ್ಟು ದೂರ ಮುಟ್ಟಬಲ್ಲದು. ತಗ್ಗಿನಲ್ಲಿ ಕುಳಿತವನು ಹತ್ತು ಪಟ್ಟು ಶಕ್ತಿ ಸುರಿದರೂ ಈ ಅನುಕೂಲ ಸಿಗದು.

ಇದಕ್ಕಿಂತ ದೂರದವರನ್ನು ಕರೆಯಲು ಹ್ಯಾಮ್‌ಗಳು 7 ಅಥವಾ 14 ಮೆಗಾಹರ್ಟ್ಸ್‌ಗೆ ಇಳಿಯುತ್ತಾರೆ. ಅಲ್ಲಿನ ಅಲೆಗಳು ಆಕಾಶದ ಅಯಾನುಗೋಳದಿಂದ ಬಾಗಿ ಮತ್ತೆ ನೆಲಕ್ಕೆ ಬರುತ್ತವೆ. ಗಾಳದ ಕೋಲಿನ ತಂತಿ ಬೇಕಾಗುವುದು ಇಲ್ಲೇ. 14 ಮೆಗಾಹರ್ಟ್ಸ್‌ಗೆ ಅರ್ಧ ಅಲೆಯುದ್ದದ ತಂತಿ ಸುಮಾರು 10 ಮೀಟರ್.

ಈ ಆಟದಲ್ಲಿ ತಂದೆ ತಾಯಂದಿರು ಗಮನಿಸಬೇಕಾದ ನಿಯಮವೊಂದಿದೆ. ಶಿಖರ ಮುಟ್ಟಿದ ಮಾತ್ರಕ್ಕೆ ಅಂಕ ಬರುವುದಿಲ್ಲ, ಕಡೇಪಕ್ಷ ನಾಲ್ಕು ಕೇಂದ್ರಗಳೊಡನೆ ಸಂಪರ್ಕ ಆಗಲೇಬೇಕು. ಮೊಬೈಲ್‌ನಲ್ಲಿ ನಾವು ಕರೆಯುವುದು ಗೊತ್ತಿದ್ದವರನ್ನು. ಹ್ಯಾಮ್ 'ಸಿಕ್ಯೂ' ಎಂದು ಕರೆಯುವುದು, ಕೇಳಿಸಿಕೊಳ್ಳುತ್ತಿರುವ ಯಾರೇ ಆಗಲಿ ಓಗೊಡಲಿ ಎಂದು. ಕ್ಷೀಣ ದನಿಗೆ ಕಿವಿಗೊಟ್ಟು, ಗದ್ದಲದಿಂದ ಅದನ್ನು ಹೆಕ್ಕಿ, ಕರೆಸಂಕೇತವನ್ನು ತಪ್ಪಿಲ್ಲದೆ ಬರೆದುಕೊಂಡವನಿಗೂ ಶಿಖರದ ಅಂಕ ಸಲ್ಲುತ್ತದೆ. ಸಾವಿರ ಅಂಕ ಗಳಿಸಿದ ಚಾರಣಿಗನಿಗೆ 'ಬೆಟ್ಟದ ಮೇಕೆ' ಎಂಬ ಬಿರುದಾದರೆ, ಮನೆಯಲ್ಲೇ ಕುಳಿತು ಸಾವಿರ ಗಳಿಸಿದವನಿಗೆ 'ಕೋಣೆಯ ಸೋಮಾರಿ' ಎಂಬ ತಮಾಷೆಯ ಬಿರುದು! ಮಾತಿನಷ್ಟೇ ಬೆಲೆ ಆಲಿಸುವುದಕ್ಕೂ ಇರುವ ಆಟಗಳು ಎಷ್ಟಿವೆ?

ಇದರಿಂದ ಮಾರ್ಕ್ಸ್ ಬರುತ್ತದೆಯೇ ಎಂದು ಕೇಳುವವರು 2004ರ ಡಿಸೆಂಬರನ್ನು ನೆನೆಯಬೇಕು. ಭಾರತಿ ಪ್ರಸಾದ್ ಎಂಬ ಹ್ಯಾಮ್ ತಮ್ಮ ತಂಡದೊಡನೆ ಅಂಡಮಾನಿಗೆ ಹೋಗಿ ಪೋರ್ಟ್‌ಬ್ಲೇರ್‌ನಲ್ಲಿ ಕೇಂದ್ರ ತೆರೆದಿದ್ದರು. ದೂರದ ಹ್ಯಾಮ್‌ಗಳೊಡನೆ ಸಂಪರ್ಕ ಸಾಧಿಸುವ ಹವ್ಯಾಸದ ಪ್ರವಾಸವದು. 26ರಂದು ಸುನಾಮಿ ಬಡಿದಾಗ ಅದೇ ಕೇಂದ್ರ ದ್ವೀಪದ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿತು. ಪರಸ್ಥಳದಲ್ಲಿ ತಂತಿ ಕಟ್ಟಿ, ಇದ್ದಷ್ಟರಲ್ಲೇ ಕೇಂದ್ರ ನಡೆಸುವ ಅಭ್ಯಾಸ ಇಲ್ಲದಿದ್ದರೆ ಅದು ಒಂದೇ ದಿನದಲ್ಲಿ ಬರುತ್ತಿತ್ತೇ?

ಆಸಕ್ತಿ ಇದ್ದವರು ಮೊದಲು ಸಮೀಪದ ಹ್ಯಾಮ್ ಕ್ಲಬ್ಬನ್ನು ಹುಡುಕಿ. ಬೆಂಗಳೂರು, ಮಂಗಳೂರುಗಳಲ್ಲಿ ಇಂಥ ಕ್ಲಬ್ಬುಗಳಿವೆ. ಪರವಾನಗಿ ಇಲ್ಲದೆ ಪ್ರಸಾರ ಮಾಡುವುದು ಅಪರಾಧ. ಪರವಾನಗಿ ಇದ್ದರೂ ಊರು ಬಿಟ್ಟು ಬೇರೆಡೆ ಕೇಂದ್ರ ನಡೆಸುವ ಮುನ್ನ ನಿಯಮ ವಿಚಾರಿಸಿಕೊಳ್ಳಿ. ಬೆಟ್ಟದ ಮೇಲೆ ಗುಡುಗು ಕೇಳಿಸಿದರೆ ಸಂಪರ್ಕ ಅರ್ಧದಲ್ಲಿದ್ದರೂ ಕೋಲು ಇಳಿಸಿ, ಕೆಳಗಿಳಿಯಿರಿ. ಅಲ್ಲಿಯವರೆಗೆ ನಿಮ್ಮೂರ ಗುಡ್ಡದ ಎತ್ತರ ತಿಳಿದುಕೊಂಡು, ಅದರ ತುದಿಯಿಂದ ದನಿ ಯಾವ ಯಾವ ಊರಿಗೆ ಮುಟ್ಟೀತು ಎಂದು ನಕ್ಷೆಯ ಮೇಲೆ ಕೈವಾರದಲ್ಲಿ ಒಂದು ವೃತ್ತ ಎಳೆದು ನೋಡಿ. ಅದಕ್ಕೆ ಯಾರ ಪರವಾನಗಿಯೂ ಬೇಡ.